ಪ್ರಾಣಿಗಳು ಒಂದನ್ನೊಂದು ನೋಡಿ ಕಲಿಯುತ್ತವೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ, ಯಾದಗಿರಿ ಕಡೆಯ ಶಾಲೆಗಳಲ್ಲಿ, ಹಳ್ಳಿಗಳಲ್ಲಿ ಪ್ರಾಣಿ ಪಕ್ಷಿಗಳ ವಿಷಯ ಮಾತಾಡಲು ಹೋದಾಗ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲಿನ ಎರಡು ಮೂರು ಉತ್ತರ ಓದಿಕೊಂಡರೆ ಉಳಿದವನ್ನು ಯಾವ ಕ್ರಮದಲ್ಲಿ ಓದಿದರೂ ನಡೆಯುತ್ತದೆ.

ನೋಡಿ ಕಲಿಯೋದು ಅಂದ್ರ ಏನ್ರಿ? ಪ್ರಾಣಿಗೆ ಎಲ್ಲಾ ಹುಟ್ಟಿನಿಂದಲೇ ಬಂದಿರ್ತದಲ್ಲ?

ಕೆಲವು ಹಾಗೆ ಬರುತ್ತವೆ, ಎಲ್ಲವೂ ಅಲ್ಲ. ಬೇಸಿಗೆ ಹತ್ತಿರವಾಗುತ್ತಿದ್ದಂತೆ ಬೇವಿನ ಗಿಡದಲ್ಲಿ ಕೂಗುವ ಕೋಗಿಲೆಯನ್ನೇ ತಗೊಳ್ಳಿ. ಅದು ಮೊಟ್ಟೆಯೊಡೆದದ್ದು ಕಾಗೆಯ ಗೂಡಿನಲ್ಲಿ, ಗುಟುಕು ತಿಂದದ್ದು ಕಾಗೆಯ ಕೊಕ್ಕಿನಿಂದ. ಆದರೂ ದೊಡ್ಡದಾದ ಮೇಲೆ ಅದು ಕಾಗೆಯ ಹಾಗೆ ಕೂಗುವುದಿಲ್ಲ, ಕುಹೂ ಅಂತಲೇ ಕೂಗುತ್ತದೆ. ಆ ದನಿ ಹುಟ್ಟಿನ ಜೊತೆಗೇ ಬಂದದ್ದು. ಇದಕ್ಕೆ ತೀರಾ ಬೇರೆಯಾದದ್ದು ಹಾಡುಹಕ್ಕಿಗಳ ಕಥೆ. ಕೇಂಬ್ರಿಡ್ಜಿನಲ್ಲಿ ಥಾರ್ಪ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಚಾಫಿಂಚ್ ಎಂಬ ಗುಬ್ಬಿಯಷ್ಟು ದೊಡ್ಡ ಹಕ್ಕಿಯ ಮರಿಗಳನ್ನು ದೊಡ್ಡವುಗಳ ಹಾಡು ಕೇಳದಂತೆ ಒಂಟಿಯಾಗಿ ಸಾಕಿದರು. ಅವು ಹಾಡಿದವು, ಆದರೆ ಹಾಡು ಅರೆಬರೆಯಾಗಿತ್ತು. ಹಿರಿಯ ಹಕ್ಕಿಯ ಹಾಡು ಕಿವಿಗೆ ಬೀಳದಿದ್ದರೆ ಮರಿಗೆ ಪೂರ್ತಿ ಹಾಡು ಬರುವುದಿಲ್ಲ.

ಒಂದು ಪ್ರಾಣಿಗೆ ತಿಳಿದದ್ದು ಮೂರು ದಾರಿಯಿಂದ ಬಂದಿರಬಹುದು: ಹುಟ್ಟಿನಿಂದ, ತಾನೇ ಮಾಡಿ ನೋಡಿ ಪೆಟ್ಟು ತಿಂದು, ಇಲ್ಲವೇ ಇನ್ನೊಂದನ್ನು ನೋಡಿ, ಕೇಳಿ, ಮೂಸಿ. ಮೂರನೆಯದಕ್ಕೆ ಸಾಮಾಜಿಕ ಕಲಿಕೆ ಎನ್ನುತ್ತಾರೆ. ಹಾಗೆ ಕಲಿತ ಒಂದು ನಡವಳಿಕೆ ಗುಂಪಿನಲ್ಲಿ ಹಬ್ಬಿ, ವರ್ಷಗಟ್ಟಲೆ ಉಳಿದು, ಪಕ್ಕದ ಗುಂಪಿನದಕ್ಕಿಂತ ಬೇರೆಯಾಗಿದ್ದರೆ ಅದನ್ನು ಪ್ರಾಣಿ ಸಂಸ್ಕೃತಿ ಎಂದು ಕರೆಯುವುದು ವಿಜ್ಞಾನಿಗಳಲ್ಲಿ ಈಗ ರೂಢಿ.

ಇದು ಖರೇ ಅಂತ ಮೊದಲ ಎಲ್ಲಿ ಗೊತ್ತಾಯ್ತು?

ಹೆಚ್ಚು ಹೆಸರಾದದ್ದು ಜಪಾನಿನ ಕೋಶಿಮಾ ಎಂಬ ಪುಟ್ಟ ದ್ವೀಪ. ಅಲ್ಲಿನ ಮಂಗಗಳನ್ನು ಹತ್ತಿರದಿಂದ ನೋಡಲೆಂದು ಸಂಶೋಧಕರು ಕಡಲದಂಡೆಯಲ್ಲಿ ಗೆಣಸು ಹಾಕುತ್ತಿದ್ದರು. ಮರಳು ಮೆತ್ತಿದ ಗೆಣಸು. 1953ರಲ್ಲಿ ಒಂದೂವರೆ ವರ್ಷದ ಒಂದು ಹೆಣ್ಣುಮರಿ ಗೆಣಸನ್ನು ಹಳ್ಳದ ನೀರಿಗೆ ಒಯ್ದು, ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಉಜ್ಜಿ ತೊಳೆದು ತಿಂದಿತು. ಸಂಶೋಧಕರು ಅದಕ್ಕೆ ಇಮೊ ಎಂದು ಹೆಸರಿಟ್ಟಿದ್ದರು. ಅದನ್ನು ಮೊದಲು ಕಂಡು ಬರೆದಿಟ್ಟವರು ಸತ್ಸುಯೆ ಮಿಟೊ ಎಂಬ ಸ್ಥಳೀಯ ಹೆಣ್ಣುಮಗಳು. ಮುಂದೆ ಇಮೊಳ ಜೊತೆ ಆಡುವ ಮರಿಗಳು ತೊಳೆಯತೊಡಗಿದವು, ಆಮೇಲೆ ಅವಳ ತಾಯಿ, ಆಮೇಲೆ ಬಂಧುಬಳಗ. ಹೆಚ್ಚಾಗಿ ಕಲಿಯದೆ ಉಳಿದವು ವಯಸ್ಸಾದ ಗಂಡುಗಳು. ಅವಕ್ಕೆ ಮರಿಗಳ ಒಡನಾಟ ಕಡಿಮೆ. ತೊಳೆದು ತಿನ್ನುವುದನ್ನು ಕಲಿತ ತಾಯಂದಿರ ಮಡಿಲಲ್ಲಿ ಬೆಳೆದ ಮರಿಗಳಿಗೆ ಅದು ಊಟದ ರೀತಿಯೇ ಆಗಿಹೋಯಿತು. ಬರಬರುತ್ತಾ ಹಳ್ಳದ ನೀರು ಬಿಟ್ಟು ಕಡಲಿನ ಉಪ್ಪುನೀರಿನಲ್ಲಿ ಅದ್ದುವುದೂ ಶುರುವಾಯಿತು.

1956ರಲ್ಲಿ ಅದೇ ಇಮೊ ಇನ್ನೊಂದು ಮಾಡಿತು. ಮರಳಿನಲ್ಲಿ ಚೆಲ್ಲಿದ ಗೋಧಿಯನ್ನು ಕಾಳುಕಾಳಾಗಿ ಆರಿಸುವ ಬದಲು ಮರಳು ಸಮೇತ ಮುಷ್ಟಿ ತುಂಬಿ ನೀರಿಗೆ ಹಾಕಿತು. ಮರಳು ತಳಕ್ಕೆ ಹೋಯಿತು, ಗೋಧಿ ತೇಲಿತು.

ಇದಕ್ಕೆ ಆಕ್ಷೇಪವೂ ಇದೆ, ಅದನ್ನು ಮುಚ್ಚಿಡಬಾರದು. ಈ ಅಭ್ಯಾಸ ಹಬ್ಬಲು ವರ್ಷಗಳೇ ಹಿಡಿದವು. ಪ್ರತಿಯೊಂದು ಮಂಗವೂ ನೀರಿನ ಹತ್ತಿರ ಗೆಣಸು ಹಿಡಿದು ಕೂತು ತಾನೇ ಕಂಡುಕೊಂಡಿರಬಾರದೇಕೆ ಎಂದು ಕೆನಡಾದ ಬೆನೆಟ್ ಗೇಲೆಫ್ ಕೇಳಿದರು. ಒಳ್ಳೆಯ ಪ್ರಶ್ನೆ. ನಂತರದ ಪ್ರಯೋಗಗಳು ಬಿಗಿಯಾದದ್ದು ಇಂಥ ಪ್ರಶ್ನೆಗಳಿಂದಲೇ.

ನೂರನೇ ಮಂಗ ಕಲಿತ ಕೂಡ್ಲೇ ಜಗತ್ತಿನ ಎಲ್ಲಾ ಮಂಗಕ್ಕೂ ತಾನಾಗೇ ಬಂತಂತಲ್ಲ, ವಾಟ್ಸಾಪಿನಾಗ ಬಂದಿತ್ತು?

ಸುಳ್ಳು. ಕೋಶಿಮಾದ ದಾಖಲೆಗಳಲ್ಲಿ ಅಂಥದ್ದೇನೂ ಇಲ್ಲ. ಅಲ್ಲಿ ಯಾವ ಮಂಗ ಯಾವ ವರ್ಷ ಕಲಿಯಿತು ಎಂದು ಹೆಸರು ಹಿಡಿದು ಬರೆದಿಟ್ಟಿದ್ದಾರೆ, ಒಂದೊಂದಾಗಿ. ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ನೋಡಿ ಕಲಿತದ್ದೋ, ತಾನೇ ಕಲಿತದ್ದೋ, ಅದನ್ನ ಹ್ಯಾಂಗ ಬೇರೆ ಮಾಡ್ತಾರ?

ಇಡೀ ವಿಷಯ ನಿಂತಿರುವುದು ಈ ಪ್ರಶ್ನೆಯ ಮೇಲೆ. ಬ್ರಿಟನ್ನಿನಲ್ಲಿ ಹಾಲಿನವರು ಬಾಗಿಲಲ್ಲಿಟ್ಟು ಹೋದ ಬಾಟಲಿಯ ಮುಚ್ಚಳ ಕುಕ್ಕಿ ಕೆನೆ ತಿನ್ನುವುದನ್ನು ಟಿಟ್ ಎಂಬ ಸಣ್ಣ ಹಕ್ಕಿಗಳು ಕಲಿತಿದ್ದವು. ಮೊದಲ ದಾಖಲೆ 1921ರದು. 1949ರಲ್ಲಿ ಫಿಶರ್ ಮತ್ತು ಹೈಂಡ್ ಊರೂರಿನ ವರದಿ ಸೇರಿಸಿ ಅದು ಹಬ್ಬಿದ ಬಗೆಯನ್ನು ನಕ್ಷೆ ಮಾಡಿದರು. ಎಲ್ಲರೂ ಇದು ಅನುಕರಣೆ ಎಂದೇ ತಿಳಿದರು. ಆದರೆ 1984ರಲ್ಲಿ ಶೆರ್ರಿ ಮತ್ತು ಗೇಲೆಫ್ ಟಿಟ್ ಬಳಗದ್ದೇ ಆದ ಚಿಕಡೀ ಹಕ್ಕಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದೇನೆಂದರೆ, ಬೇರೊಂದು ಹಕ್ಕಿ ತೆರೆಯುವುದನ್ನು ಕಣ್ಣಾರೆ ನೋಡದೆಯೂ, ತೆರೆದಿಟ್ಟ ಡಬ್ಬಿಯಲ್ಲಿ ಒಮ್ಮೆ ತಿಂದರೆ ಸಾಕು, ಮುಂದೆ ಮುಚ್ಚಿದ್ದನ್ನೂ ಕೆಲವು ಹಕ್ಕಿಗಳು ತೆರೆಯುತ್ತವೆ. ಅಲ್ಲಿಗೆ ಬರೀ ಹಬ್ಬಿದ ನಕ್ಷೆ ನೋಡಿ ತೀರ್ಮಾನಕ್ಕೆ ಬರುವುದು ನಿಂತಿತು.

ಈಗ ಮಾಡುವುದು ಹೀಗೆ: ಒಂದೇ ಸಮಸ್ಯೆಗೆ ಎರಡು ಸಮನಾದ ಪರಿಹಾರ ಇಟ್ಟು, ಒಂದು ಗುಂಪಿನ ಒಂದೆರಡು ಪ್ರಾಣಿಗೆ ಒಂದನ್ನು, ಇನ್ನೊಂದು ಗುಂಪಿನ ಒಂದೆರಡಕ್ಕೆ ಇನ್ನೊಂದನ್ನು ಕಲಿಸಿ ಬಿಡುವುದು. ಆಕ್ಸ್‌ಫರ್ಡ್ ಹತ್ತಿರದ ವೈಥಮ್ ಕಾಡಿನಲ್ಲಿ ಲೂಸಿ ಆಪ್ಲಿನ್ ತಂಡ ದೊಡ್ಡ ಟಿಟ್ ಹಕ್ಕಿಗಳಿಗೆ ಒಂದು ಪೆಟ್ಟಿಗೆ ಇಟ್ಟಿತು. ಅದರ ಬಾಗಿಲನ್ನು ಎಡಕ್ಕೂ ಸರಿಸಬಹುದು, ಬಲಕ್ಕೂ ಸರಿಸಬಹುದು, ಒಳಗೆ ಹುಳು. ಕಾಡಿನ ಒಂದು ಭಾಗದ ಎರಡು ಗಂಡು ಹಕ್ಕಿಗೆ ಎಡ ಕಲಿಸಿದರು, ಮತ್ತೊಂದು ಭಾಗದವಕ್ಕೆ ಬಲ. ಕೆಲವೇ ವಾರಗಳಲ್ಲಿ ನೂರಾರು ಹಕ್ಕಿಗಳು ಪೆಟ್ಟಿಗೆ ತೆರೆಯತೊಡಗಿದವು, ಅದೂ ತಮ್ಮ ಭಾಗದಲ್ಲಿ ಶುರುವಾದ ಕಡೆಗೇ ಸರಿಸಿ. ಎರಡೂ ಕಡೆ ಸರಿಯುತ್ತದೆ ಎಂದು ಗೊತ್ತಾದ ಹಕ್ಕಿಗಳೂ ಹೆಚ್ಚಾಗಿ ಊರ ರೂಢಿಗೇ ಮರಳಿದವು. 2015ರಲ್ಲಿ ಪ್ರಕಟವಾದ ಈ ಕೆಲಸದ ಮುಂದೆ ನನಗೆ ಕೋಶಿಮಾದ ಗೆಣಸೂ ಎರಡನೆಯದೇ.

ಗುಡಿಯಾಗಿನ ಮಂಗ್ಯಾಗೋಳು ಕೈಯಾಗಿನ ಚೀಲಾ ಕಸಗೋತಾವ. ಇದೂ ನೋಡಿ ಕಲಿತದ್ದೇನ್ರಿ?

ಬಹುಮಟ್ಟಿಗೆ ಹೌದು ಎನ್ನಲು ಕಾರಣಗಳಿವೆ. ಬಾಲಿ ದ್ವೀಪದ ಉಲುವಾಟು ದೇವಸ್ಥಾನದ ಮಂಗಗಳು ಪ್ರವಾಸಿಗರ ಕನ್ನಡಕ, ಟೋಪಿ, ಫೋನು ಕಸಿದು, ತಿನ್ನಲು ಕೊಟ್ಟ ಮೇಲಷ್ಟೇ ಬಿಡುತ್ತವೆ. ಒಂದೇ ದೇವಸ್ಥಾನದ ಆಸುಪಾಸಿನ ಗುಂಪುಗಳಲ್ಲೇ ಈ ಅಭ್ಯಾಸ ಹೆಚ್ಚುಕಡಿಮೆ ಇದೆ. ಮರಿಗಳು ಸಿಕ್ಕಿದ್ದನ್ನು ಕಸಿಯುತ್ತವೆ. ದೊಡ್ಡವು ಜನ ಯಾವುದಕ್ಕೆ ಹೆಚ್ಚು ಚಡಪಡಿಸುತ್ತಾರೋ ಅದನ್ನೇ ಆರಿಸಿ ಕಸಿಯುತ್ತವೆ. ಆ ಚಾಣಾಕ್ಷತನ ಬರಲು ವರ್ಷಗಳು ಬೇಕು.

ನಮ್ಮ ರಾಜ್ಯದ್ದೇ ಉದಾಹರಣೆ ಬಂಡೀಪುರದ್ದು. ಅಲ್ಲಿನ ಮಂಗಗಳು ಮನುಷ್ಯರ ಕಡೆ ಮುಖ ಮಾಡಿ, ಒಂದು ಬಗೆಯ ಮೆಲುದನಿ ತೆಗೆದು, ಕೈ ಚಾಚಿ ಬೇಡುವುದನ್ನು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು 2018ರಲ್ಲಿ ವಿವರವಾಗಿ ದಾಖಲಿಸಿದರು. ಕೈ ಚಾಚಿದಾಗ ಮನುಷ್ಯ ತನ್ನನ್ನು ನೋಡುತ್ತಿದ್ದಾನೆಯೇ ಎಂದು ಅವು ಗಮನಿಸುತ್ತವೆ. ಮನುಷ್ಯರ ನಡುವೆ ಬದುಕಿ ಹುಟ್ಟಿಕೊಂಡ ನಡವಳಿಕೆ ಇದು.

ಹಾಗಾಗಿ ಬಾಳೆಹಣ್ಣು ಕೊಡುವ ಕೈ ಒಂದು ಮಂಗಕ್ಕಷ್ಟೇ ಕೊಡುತ್ತಿಲ್ಲ. ತಾಯಿಯ ಹೊಟ್ಟೆಗೆ ಅಂಟಿಕೊಂಡ ಮರಿ ಆ ಕೈಯನ್ನು, ಆ ಚೀಲವನ್ನು, ಚೀಲ ಹಿಡಿದವರು ಹೆದರಿ ಬಿಟ್ಟುಬಿಡುವುದನ್ನು ನೋಡುತ್ತಿರುತ್ತದೆ. ಒಂದು ಊರಿನಲ್ಲಿ ಕಾಟ ಕೊಡುತ್ತವೆಂದು ಮಂಗಗಳನ್ನು ಹಿಡಿದು ಇನ್ನೊಂದು ಊರಿನ ಹತ್ತಿರ ಬಿಟ್ಟು ಬರುವುದರಿಂದ ಕಾಟ ನಿಲ್ಲುವುದಿಲ್ಲ. ಕಲಿತ ಚಾಳಿ ಅವುಗಳ ಜೊತೆಗೇ ಹೋಗುತ್ತದೆ.

ಹೊಸ ಊರಿಗಿ ಬಂದ ಮಂಗ್ಯಾ ಹಳೇ ಚಾಳಿ ಬಿಟ್ಟು ಅಲ್ಲಿಂದು ಕಲಿಯೋದೂ ಅದ ಏನು?

ಅದೂ ಇದೆ. ದಕ್ಷಿಣ ಆಫ್ರಿಕಾದ ವರ್ವೆಟ್ ಮಂಗಗಳಿಗೆ ಎರಿಕಾ ವಾನ್ ಡಿ ವಾಲ್ ಎರಡು ಡಬ್ಬಿ ಮೆಕ್ಕೆಜೋಳ ಇಟ್ಟರು, ಒಂದಕ್ಕೆ ನೀಲಿ ಬಣ್ಣ, ಒಂದಕ್ಕೆ ಗುಲಾಬಿ. ಕೆಲವು ಗುಂಪಿಗೆ ನೀಲಿಯನ್ನು ಕಹಿ ಮಾಡಿದರು, ಕೆಲವಕ್ಕೆ ಗುಲಾಬಿಯನ್ನು. ತಿಂಗಳುಗಳ ನಂತರ ಕಹಿ ತೆಗೆದು ಎರಡನ್ನೂ ರುಚಿಯಾಗಿಯೇ ಇಟ್ಟರೂ ದೊಡ್ಡವು ಹಳೆಯ ಬಣ್ಣವನ್ನು ಬಿಡಲಿಲ್ಲ. ಕಹಿಯನ್ನೇ ಕಾಣದ ಹೊಸ ಮರಿಗಳು ತಾಯಿ ತಿಂದ ಬಣ್ಣವನ್ನೇ ತಿಂದವು. ವಯಸ್ಸಿಗೆ ಬಂದ ಗಂಡುಗಳು ಗುಂಪು ಬದಲಿಸುವುದು ಈ ಮಂಗಗಳ ಪದ್ಧತಿ. ಹಾಗೆ ಬೇರೆ ಬಣ್ಣದ ಗುಂಪಿಗೆ ಹೋದ ಗಂಡುಗಳು ಬಹುತೇಕ ಎಲ್ಲವೂ ಹೊಸ ಗುಂಪಿನ ಬಣ್ಣಕ್ಕೆ ಬದಲಾದವು. 2013ರ ಅಧ್ಯಯನ ಇದು. ಹೊಸದಾಗಿ ಬಂದ ಒಂದೆರಡು ಗಂಡು, ನೆಲೆನಿಂತ ಗುಂಪಿಗೆ ಸೇರಿಕೊಂಡರೆ ಹೀಗಾಗುತ್ತದೆ. ಇಡೀ ಗುಂಪನ್ನೇ ಲಾರಿಯಲ್ಲಿ ತಂದು ಸುರಿದರೆ ಆಗುವುದಿಲ್ಲ.

ತೊಗರಿ ಗೋದಾಮಿನಾಗ ಇಲಿಗೆ ಔಷಧ ಇಟ್ರ ಎರಡ್ಮೂರು ಸಾಯ್ತಾವ, ಉಳಿದವು ಮುಟ್ಟಂಗಿಲ್ಲ. ಒಂದಕ್ಕೊಂದು ಹೇಳ್ತಾವೇನ್ರಿ?

ಕಲಬುರಗಿಯ ದಾಲ್ ಮಿಲ್‌ಗಳಲ್ಲಿ ಕೆಲಸ ಮಾಡುವವರು ಇದನ್ನು ಕೇಳದೆ ಬಿಡುವುದಿಲ್ಲ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಗೇಲೆಫ್ ದಶಕಗಟ್ಟಲೆ ಇಲಿಗಳ ಮೇಲೆ ಮಾಡಿದ ಕೆಲಸ ಇದಕ್ಕೆ ಸರಿಯಾದ ಉತ್ತರ ಕೊಡುತ್ತದೆ, ಮತ್ತು ಉತ್ತರ ನಾವು ಎಣಿಸಿದ್ದಕ್ಕಿಂತ ಬೇರೆ.

ಹೊಟ್ಟೆ ತುಂಬಿಸಿಕೊಂಡು ಬಿಲಕ್ಕೆ ಬಂದ ಇಲಿಯ ಬಾಯಿಗೆ ಇನ್ನೊಂದು ಇಲಿ ಮೂತಿ ಹಚ್ಚಿ ಮೂಸುತ್ತದೆ. ಇಲಿಯ ಉಸಿರಿನಲ್ಲಿ ಕಾರ್ಬನ್ ಡೈಸಲ್ಫೈಡ್ ಎಂಬ ವಸ್ತು ಅತಿ ಕಡಿಮೆ ಪ್ರಮಾಣದಲ್ಲಿರುತ್ತದೆ. ತಿಂದ ಕಾಳಿನ ವಾಸನೆ ಅದರೊಂದಿಗೆ ಸೇರಿ ಬಂದರೆ ಮೂಸಿದ ಇಲಿಗೆ ಆ ಆಹಾರದ ಮೇಲೆ ಒಲವು ಹುಟ್ಟುತ್ತದೆ. ಅದೇ ವಾಸನೆ ಬರೀ ಕಾಳಿನಿಂದ ಬಂದರೆ ಅಷ್ಟು ಒಲವಿಲ್ಲ. ಜೀವಂತ ಇಲಿಯ ಉಸಿರಿನಲ್ಲಿ ಬರಬೇಕು. ತಾಯಿಯ ಹಾಲಿನಲ್ಲೂ ಅವಳು ತಿಂದದ್ದರ ರುಚಿ ಮರಿಗೆ ತಲುಪುತ್ತದೆ. ಮರಿಗಳು ಮೊದಲ ಸಲ ಬಿಲ ಬಿಟ್ಟು ಹೊರಟಾಗ ದೊಡ್ಡವು ತಿನ್ನುವ ಜಾಗಕ್ಕೇ ಹೋಗುತ್ತವೆ, ಅವು ತಿನ್ನುವುದನ್ನೇ ತಿನ್ನುತ್ತವೆ.

ಗಮನಿಸಿ, ಇಲ್ಲೆಲ್ಲ ದಾಟುತ್ತಿರುವ ಸುದ್ದಿ ‘ಇದನ್ನು ತಿನ್ನಬಹುದು’ ಎಂಬುದಷ್ಟೇ. ‘ಇದು ವಿಷ’ ಎಂಬ ಸುದ್ದಿ ಈ ದಾರಿಯಲ್ಲಿ ದಾಟುವುದಿಲ್ಲ. ಕಾಯಿಲೆ ಬಿದ್ದ ಇಲಿಯ ಬಾಯಿ ಮೂಸಿದ ಇಲಿಯೂ ಆ ಆಹಾರದಿಂದ ದೂರ ಸರಿಯಲಿಲ್ಲ. ಹಾಗಾದರೆ ಉಳಿದವು ಮುಟ್ಟುವುದಿಲ್ಲ ಏಕೆ? ಹೊಸದೇನು ಕಂಡರೂ ಇಲಿಗೆ ಅನುಮಾನ, ಮೊದಲು ಚೂರೇ ಚೂರು ತಿಂದು ನೋಡುತ್ತದೆ. ಆ ಚೂರಿಗೆ ಹೊಟ್ಟೆ ಕೆಟ್ಟು ಬದುಕುಳಿದರೆ ಆ ರುಚಿಯನ್ನು ಮರೆಯುವುದಿಲ್ಲ. ದೊಡ್ಡವು ಹೀಗೆ ಬಿಟ್ಟದ್ದನ್ನು ಮರಿಗಳು ರುಚಿ ನೋಡುವ ಗೋಜಿಗೇ ಹೋಗುವುದಿಲ್ಲ, ಏಕೆಂದರೆ ಅವು ತಿನ್ನುವುದು ದೊಡ್ಡವು ತಿಂದದ್ದನ್ನು. ಕೃಷಿ ಇಲಾಖೆಯವರು ಜಿಂಕ್ ಫಾಸ್ಫೈಡ್ ಬಳಸುವ ಮೊದಲು ಎರಡು ಮೂರು ದಿನ ವಿಷವಿಲ್ಲದ ಬರೀ ಕಾಳು ಇಡಿ ಎನ್ನುವುದು ಈ ಅನುಮಾನ ಕಳೆಯಲೆಂದೇ. ವಾರ್ಫರಿನ್ ತರಹದ ಔಷಧ ನಿಧಾನವಾಗಿ, ದಿನಗಟ್ಟಲೆ ಕೆಲಸ ಮಾಡುತ್ತದೆ. ಕಾಯಿಲೆಗೂ ತಿಂದದ್ದಕ್ಕೂ ಸಂಬಂಧ ಇಲಿಗೆ ಹೊಳೆಯುವುದಿಲ್ಲ.

ಬೇರೆ ಕಡಿಂದ ತಂದ ಕುರಿ ನಮ್ಮ ಹೊಲದಾಗ ಸರಿಯಾಗಿ ಮೇಯಂಗಿಲ್ಲ ಯಾಕ?

ಕುರಿ ಕಾಯುವವರು ಕೇಳುವ ಈ ಪ್ರಶ್ನೆ ನನಗೆ ಬಹಳ ಇಷ್ಟ, ಏಕೆಂದರೆ ಉತ್ತರ ಅವರ ಕಣ್ಣ ಮುಂದೆಯೇ ಇರುತ್ತದೆ. ರಾಶಿ ಮುಗಿದ ಹೊಲದಲ್ಲಿ ಹಿಂಡು ಬಿಟ್ಟಾಗ ಹಾಲು ಬಿಡುತ್ತಿರುವ ವಯಸ್ಸಿನ ಒಂದು ಮರಿಯನ್ನು ಆರಿಸಿಕೊಂಡು ಅದನ್ನೇ ನೋಡಿ. ತಾಯಿ ಬದುವಿನ ಸೊಪ್ಪಿಗೆ ಬಾಯಿ ಹಾಕಿದ ಕೂಡಲೇ ಮರಿ ಓಡಿ ಬಂದು ಮೂತಿಗೆ ಮೂತಿ ತಾಗಿಸಿ ಅಗಿಯುವುದನ್ನು ಮೂಸುತ್ತದೆ. ತಾಯಿಯ ಬಾಯಿಂದ ಜೋತುಬಿದ್ದ ಎಳೆಯನ್ನೇ ಎಳೆದು ತಿನ್ನುತ್ತದೆ. ತಾಯಿ ಒಂದು ಗಿಡ ಬಿಟ್ಟು ಮುಂದೆ ಹೋದರೆ ಮರಿಯೂ ಬಿಟ್ಟು ಹೋಗುತ್ತದೆ.

ಅಮೆರಿಕದ ಯೂಟಾ ರಾಜ್ಯ ವಿಶ್ವವಿದ್ಯಾಲಯದ ಫ್ರೆಡ್ ಪ್ರೊವೆಂಜಾ ಈ ವಿಷಯದ ಮೇಲೆ ದಶಕಗಳ ಕಾಲ ಕೆಲಸ ಮಾಡಿದರು. ಒಂದು ಸೊಪ್ಪನ್ನು ತಿನ್ನದಂತೆ ತಾಯಿಗೆ ಅಭ್ಯಾಸ ಮಾಡಿಸಿದರೆ ಮರಿಯೂ ಅದನ್ನು ತಿನ್ನುವುದು ಕಡಿಮೆ. ತಾಯಿಯ ಜೊತೆ ಎಳೆಯ ವಯಸ್ಸಿನಲ್ಲಿ ಕೆಲವೇ ದಿನ ತಿಂದ ಆಹಾರವನ್ನು ಕುರಿ ವರ್ಷಗಳ ನಂತರವೂ ಗುರುತಿಸಿ ತಿನ್ನುತ್ತದೆ. ಸಂತೆಯಿಂದ ಬೇರೆ ಸೀಮೆಯ ಕುರಿ ತಂದರೆ ಅದಕ್ಕೆ ನಮ್ಮ ಕರಿಮಣ್ಣಿನ ಹೊಲದ ಸೊಪ್ಪು ಯಾವುದೂ ತಾಯಿ ತೋರಿಸಿದ್ದಲ್ಲ. ಹೊಸದಾಗಿ ತಂದವನ್ನು ಅವಷ್ಟನ್ನೇ ಬಿಡದೆ, ಇಲ್ಲೇ ಹುಟ್ಟಿ ಬೆಳೆದ ಹಿರಿಯ ಕುರಿಗಳ ಜೊತೆ ಮೇಯಲು ಬಿಡಿ. ಒಂದು ಎಚ್ಚರಿಕೆ: ಎಳೆ ಜೋಳದ ಚಿಗುರಿನಂಥ ವಿಷವನ್ನು ಕುರಿ ಬಿಡುತ್ತದೆಂದು ನಂಬಬೇಡಿ. ಬಹಳ ಬೇಗ ಕೊಲ್ಲುವ ವಿಷದಿಂದ ಪಾಠ ಕಲಿತು ಉಳಿಯುವ ಕುರಿ ಸಿಗುವುದು ಕಷ್ಟ.

ತಾಯಿ ಮರಿಗೆ ಬೇಕಂತಲೇ ಕಲಿಸ್ತದೇನ್ರಿ, ಮಾಸ್ತರ್ ಕಲಿಸಿದಂಗ?

ಹೆಚ್ಚಿನ ಕಡೆ ಇಲ್ಲ. ತಾಯಿ ತನ್ನ ಪಾಡಿಗೆ ಮೇಯುತ್ತದೆ, ಮರಿ ನೋಡಿಕೊಳ್ಳುತ್ತದೆ. ಕಲಿಸುವುದು ಎನ್ನಬೇಕಾದರೆ ಏನಿರಬೇಕೆಂದು ಕ್ಯಾರೊ ಮತ್ತು ಹೌಸರ್ 1992ರಲ್ಲಿ ಮೂರು ಷರತ್ತು ಹಾಕಿದರು: ಕಲಿಯದವರ ಮುಂದೆ ಮಾತ್ರ ನಡವಳಿಕೆ ಬದಲಾಗಬೇಕು, ಅದರಿಂದ ಕಲಿಸುವವರಿಗೆ ತಕ್ಷಣದ ಲಾಭ ಇರಬಾರದು, ಕಲಿಯುವವರು ಬೇಗ ಕಲಿಯಬೇಕು.

ಆಫ್ರಿಕಾದ ಕಲಹಾರಿ ಮರುಭೂಮಿಯ ಮೀರ್‌ಕ್ಯಾಟ್ ಎಂಬ ಮುಂಗುಸಿ ಬಳಗದ ಪ್ರಾಣಿಗಳು ಇದರಲ್ಲಿ ಗೆದ್ದವು. ಅವು ಚೇಳು ತಿನ್ನುತ್ತವೆ. ತೀರಾ ಸಣ್ಣ ಮರಿಗೆ ಸತ್ತ ಚೇಳು ತಂದುಕೊಡುತ್ತವೆ, ಸ್ವಲ್ಪ ದೊಡ್ಡದಕ್ಕೆ ಕೊಂಡಿ ಮುರಿದ ಜೀವಂತ ಚೇಳು, ಇನ್ನೂ ಬೆಳೆದ ಮೇಲೆ ಪೂರ್ತಿ ಚೇಳು. ಮರಿಯ ವಯಸ್ಸು ಅವಕ್ಕೆ ತಿಳಿಯುವುದು ಅದರ ಕೂಗಿನಿಂದ. 2006ರಲ್ಲಿ ಥಾರ್ನ್‌ಟನ್ ಮತ್ತು ಮೆಕಾಲಿಫ್ ಸಣ್ಣ ಮರಿಗಳಿದ್ದ ಗುಂಪಿಗೆ ದೊಡ್ಡ ಮರಿಗಳ ಕೂಗಿನ ಧ್ವನಿಮುದ್ರಣ ಕೇಳಿಸಿದಾಗ ದೊಡ್ಡವು ಜೀವಂತ ಚೇಳುಗಳನ್ನೇ ಹೆಚ್ಚು ತಂದವು. ಅಂದರೆ ಮರಿಗೆ ಎಷ್ಟು ಬರುತ್ತದೆಂದು ಮನಸ್ಸಿನಲ್ಲಿ ಅಳೆಯುವುದಿಲ್ಲ, ಕೂಗಿಗೆ ತಕ್ಕಂತೆ ನಡೆಯುತ್ತವೆ. ಆದರೂ ಕೆಲಸ ಕಲಿಸುವುದೇ. ಅದೇ ವರ್ಷ ಒಂದು ಜಾತಿಯ ಇರುವೆಯಲ್ಲೂ ಇದು ಕಂಡಿತು: ಆಹಾರದ ದಾರಿ ಬಲ್ಲ ಇರುವೆ ದಾರಿ ಅರಿಯದ ಇರುವೆಯನ್ನು ಹಿಂದೆ ಕಟ್ಟಿಕೊಂಡು ಹೋಗುತ್ತದೆ, ಹಿಂದಿನದು ಮೀಸೆಯಿಂದ ತಟ್ಟುವವರೆಗೆ ಕಾದು ಮುಂದೆ ಸಾಗುತ್ತದೆ.

ಹಾವು ಕಂಡ್ರ ಮಂಗ್ಯಾ ಚೀರತದ. ಅದು ಹುಟ್ಟಿನಿಂದ ಬಂದದ್ದಲ್ಲೇನು?

ಅರ್ಧ ಹೌದು. 1980ರ ದಶಕದಲ್ಲಿ ಅಮೆರಿಕದ ಸೂಸನ್ ಮಿನೆಕಾ ಪ್ರಯೋಗಾಲಯದಲ್ಲೇ ಹುಟ್ಟಿ ಬೆಳೆದ ರೀಸಸ್ ಮಂಗಗಳಿಗೆ ಹಾವು ತೋರಿಸಿದರು. ಅವು ಹೆದರಲಿಲ್ಲ. ಕಾಡಿನಲ್ಲಿ ಬೆಳೆದ ಮಂಗ ಹಾವಿಗೆ ಹೆದರುವುದನ್ನು ಕೆಲವು ನಿಮಿಷ ನೋಡಿದ ಮೇಲೆ ಹೆದರಿದವು, ಮೂರು ತಿಂಗಳ ನಂತರವೂ ಹೆದರಿದವು. ಆಮೇಲೆ ಅವರು ವಿಡಿಯೊ ಜೋಡಿಸಿ, ಮಂಗವೊಂದು ಹೂವಿಗೆ ಹೆದರುವಂತೆ ತೋರಿಸಿದರು. ನೋಡಿದ ಮಂಗಗಳು ಹೂವಿಗೆ ಹೆದರುವುದನ್ನು ಕಲಿಯಲಿಲ್ಲ. ಭಯ ಬಂದದ್ದು ನೋಡಿ. ಆದರೆ ಯಾವುದಕ್ಕೆ ಹೆದರುವುದನ್ನು ಬೇಗ ಕಲಿಯಬೇಕೆಂಬ ಸಿದ್ಧತೆ ಹುಟ್ಟಿನಿಂದ. ಎರಡನ್ನೂ ಬೇರ್ಪಡಿಸಿ ಜಗಳ ಹಚ್ಚುವವರಿಗೆ ನಾನು ಕೊಡುವ ಉತ್ತರ ಇದೇ ಪ್ರಯೋಗ.

ಬೋನಾಳ ಕೆರಿಗಿ ಬರೋ ಹಕ್ಕಿಗೋಳಿಗೆ ದಾರಿ ಹ್ಯಾಂಗ ಗೊತ್ತಾಗ್ತದ?

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಬೋನಾಳಕ್ಕೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಈ ಜಾತಿಯ ಹಕ್ಕಿ ಮರಿ ಮಾಡುವುದು ಟಿಬೆಟ್, ಮಂಗೋಲಿಯಾ ಕಡೆ. ನಡುವೆ ಹಿಮಾಲಯ ದಾಟಬೇಕು. ಹೆಬ್ಬಾತುಗಳಲ್ಲಿ ಮರಿಗಳು ಮೊದಲ ವಲಸೆಯನ್ನು ತಂದೆತಾಯಿಯ ಜೊತೆಗೇ ಮಾಡುತ್ತವೆ. ಎಲ್ಲಿ ಇಳಿಯಬೇಕು, ಯಾವ ಕೆರೆಯಲ್ಲಿ ತಂಗಬೇಕು ಎಂಬುದು ಹಾಗೆ ದಾಟುತ್ತದೆ. ಕೋಗಿಲೆ ಬಳಗದ ವಲಸೆ ಹಕ್ಕಿಗಳ ಮರಿಗಳಾದರೋ ಹೆತ್ತವರನ್ನು ಕಾಣದೆ ಒಂಟಿಯಾಗಿಯೇ ಹಾರಿಹೋಗುತ್ತವೆ, ಅವಕ್ಕೆ ದಿಕ್ಕು ಹುಟ್ಟಿನಿಂದ ಬಂದದ್ದು.

ಹಿರಿಯರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ವೂಪಿಂಗ್ ಕೊಕ್ಕರೆಗಳನ್ನು ನೋಡಿ. ಅಳಿವಿನಂಚಿಗೆ ಹೋದ ಅವುಗಳ ಮರಿಗಳನ್ನು ಸಾಕಿ, ಸಣ್ಣ ವಿಮಾನದ ಹಿಂದೆ ಹಾರಿಸಿ ವಿಸ್ಕಾನ್ಸಿನ್‌ನಿಂದ ಫ್ಲಾರಿಡಾಕ್ಕೆ ದಾರಿ ತೋರಿಸಿದರು. ಮುಂದಿನ ವರ್ಷಗಳಲ್ಲಿ ತಾವೇ ಹಾರಿದಾಗ, ಗುಂಪಿನಲ್ಲಿ ವಯಸ್ಸಾದ ಒಂದು ಹಕ್ಕಿ ಇದ್ದರೂ ಸಾಕು, ದಾರಿ ತಪ್ಪುವುದು ಕಡಿಮೆಯಾಗುತ್ತಿತ್ತು. ಇದು 2013ರ ವರದಿ. ಅಲ್ಲಿಯದೇ ದೊಡ್ಡಕೊಂಬಿನ ಕಾಡುಕುರಿಗಳನ್ನು ಹೊಸ ಜಾಗಕ್ಕೆ ಸಾಗಿಸಿ ಬಿಟ್ಟಾಗ ಅವು ಹಸಿರು ಹುಡುಕಿ ಬೆಟ್ಟ ಹತ್ತಿಳಿಯುವ ವಲಸೆಯನ್ನೇ ಮರೆತಂತೆ ಇದ್ದವು. ಗುಂಪಿನಲ್ಲಿ ಹೆಚ್ಚಿನವು ಮತ್ತೆ ವಲಸೆ ಹೋಗುವಂತಾಗಲು ಸುಮಾರು 40 ವರ್ಷ ಬೇಕಾಯಿತೆಂದು 2018ರ ಅಧ್ಯಯನ ತೋರಿಸಿತು. ತಲೆಮಾರು ತಲೆಮಾರಾಗಿ ಕೂಡಿಸಿದ ತಿಳಿವಳಿಕೆ ಅದು.

ಗೀಜಗ ಗೂಡು ಹೆಣಿಯೋದು?

ಬಹುಪಾಲು ಹುಟ್ಟಿನಿಂದ, ಜೊತೆಗೆ ಅಭ್ಯಾಸ. ಎಳೆಯ ಗಂಡು ಮೊದಲು ಹೆಣೆದದ್ದು ಸಡಿಲವಾಗಿರುತ್ತದೆ. ಆದರೆ ಆಫ್ರಿಕಾದ ಕಲಹಾರಿಯಲ್ಲಿ ಗುಂಪಾಗಿ ಗೂಡು ಕಟ್ಟುವ ಗೀಜಗ ಬಳಗದ ಹಕ್ಕಿಯೊಂದಿದೆ. ಒಂದೊಂದು ಗುಂಪಿನ ಗೂಡಿನ ಉದ್ದ, ಬಾಯಿಯ ಅಳತೆ ಬೇರೆ ಬೇರೆ, ಪಕ್ಕಪಕ್ಕದಲ್ಲೇ ಇದ್ದರೂ. ಬೇರೆ ಗುಂಪಿನಿಂದ ಬಂದು ಸೇರಿದ ಹಕ್ಕಿಯೂ ಸೇರಿದ ಗುಂಪಿನ ಅಳತೆಗೇ ಕಟ್ಟುತ್ತದೆ. ಇದು ಗೊತ್ತಾದದ್ದು 2024ರಲ್ಲಿ.

ಜೇನುಹುಳಕ್ಕೂ ಕಲಿಯೋದು ಅದ ಏನ್ರಿ?

ಇದೆ, ಮತ್ತು ಇದು ಇತ್ತೀಚಿನ ವರ್ಷಗಳ ದೊಡ್ಡ ಸುದ್ದಿ. ಹೂವಿರುವ ದಿಕ್ಕು, ದೂರವನ್ನು ಜೇನು ಕುಣಿದು ತಿಳಿಸುವುದು ಹುಟ್ಟುಗುಣ ಎಂದೇ ಎಲ್ಲರೂ ಬರೆಯುತ್ತಿದ್ದರು. 2023ರಲ್ಲಿ ಚೀನಾದ ಕುನ್ಮಿಂಗ್‌ನಲ್ಲಿ ಬರೀ ಎಳೆಯ ನೊಣಗಳ ಗೂಡು ಮಾಡಿ, ಅನುಭವಿ ನೊಣದ ಕುಣಿತವನ್ನೇ ನೋಡದಂತೆ ಬೆಳೆಸಿದರು. ಅವೂ ಕುಣಿದವು. ಆದರೆ ಮೊದಮೊದಲು ದಿಕ್ಕು ತಪ್ಪಾಗಿತ್ತು, ದೂರವೂ ತಪ್ಪಾಗಿತ್ತು. ದಿನ ಕಳೆದಂತೆ ದಿಕ್ಕು ಸುಧಾರಿಸಿತು; ದೂರದ ತಪ್ಪು ಸಾಯುವವರೆಗೂ ಉಳಿಯಿತು. ಮುಂದಿನ ವರ್ಷ ಲಂಡನ್ನಿನಲ್ಲಿ ದುಂಬಿಗಳಿಗೆ ಎರಡು ಹಂತದ ಪೆಟ್ಟಿಗೆ ಇಟ್ಟರು. ಒಂಟಿಯಾಗಿ ಯಾವ ದುಂಬಿಯೂ ತೆರೆಯಲಿಲ್ಲ. ತೆರೆಯಲು ಕಲಿಸಿದ ದುಂಬಿಯ ಜೊತೆ ಬಿಟ್ಟಾಗ ಕೆಲವು ಕಲಿತವು. ಎಳ್ಳುಕಾಳಿನಷ್ಟು ಮಿದುಳು ಎಂದು ನಾವು ಕಡೆಗಣಿಸಿದ ಜೀವ ಅದು.

ಕಾಗಿ ಮುಖಾ ನೆನಪಿಡ್ತದಂತ, ಖರೇನಾ?

ಖರೇ. ಅಮೆರಿಕದ ಸಿಯಾಟಲ್‌ನಲ್ಲಿ ಜಾನ್ ಮಾರ್ಜ್ಲಫ್ 2006ರಲ್ಲಿ ಒಂದು ಮುಖವಾಡ ಹಾಕಿಕೊಂಡು ಕೆಲವು ಕಾಗೆಗಳನ್ನು ಹಿಡಿದು ಬಿಟ್ಟರು. ಆ ಮುಖವಾಡ ಕಂಡರೆ ಹಿಡಿಸಿಕೊಂಡ ಕಾಗೆಗಳಷ್ಟೇ ಅಲ್ಲ, ಹಿಡಿಸಿಕೊಳ್ಳದವೂ, ಆಮೇಲೆ ಹುಟ್ಟಿದ ಮರಿಗಳೂ ಕೂಗಿ ಮೇಲೆರಗತೊಡಗಿದವು. ಅದು ಅಲ್ಲಿನ ಜಾತಿ, ನಮ್ಮ ಊರಕಾಗೆ ಬೇರೆ.

ಹಾಗಾದ್ರ ಮನುಷ್ಯಗೂ ಪ್ರಾಣಿಗೂ ಫರಕ್ ಏನ್ ಉಳೀತು?

1999ರಲ್ಲಿ ಆಂಡ್ರ್ಯೂ ವೈಟನ್, ಜೇನ್ ಗುಡಾಲ್ ಮೊದಲಾದವರು ಆಫ್ರಿಕಾದ ಏಳು ಅಧ್ಯಯನ ತಾಣಗಳ ಚಿಂಪಾಂಜಿ ದಾಖಲೆಗಳನ್ನು ಹೋಲಿಸಿ, ಒಂದು ಕಡೆ ರೂಢಿಯಲ್ಲಿದ್ದು ಇನ್ನೊಂದು ಕಡೆ ಇಲ್ಲದ 39 ನಡವಳಿಕೆಗಳನ್ನು ಪಟ್ಟಿ ಮಾಡಿದರು. ತಾಂಜಾನಿಯಾದ ಗೊಂಬೆ ಎಂಬ ಕಾಡಿನ ಚಿಂಪಾಂಜಿ ಕಡ್ಡಿಯಿಂದ ಗೆದ್ದಲು ಹಿಡಿಯುತ್ತದೆ. ಪಶ್ಚಿಮ ಆಫ್ರಿಕಾದ ತಾಯ್ ಎಂಬ ಕಾಡಿನದು ಕಲ್ಲಿನಿಂದ ಕಾಯಿ ಒಡೆಯುತ್ತದೆ, ಗೊಂಬೆ ಕಾಡಿನದು ಒಡೆಯುವುದಿಲ್ಲ. ರೂಢಿಯ ಮಟ್ಟದಲ್ಲಿ ಫರಕ್ ದೊಡ್ಡದಲ್ಲ.

ದೊಡ್ಡ ಫರಕ್ ಇರುವುದು ಒಂದರ ಮೇಲೊಂದು ಕೂಡಿಸುವುದರಲ್ಲಿ. ಬೀದರದ ಬಿದ್ರಿ ಕೆಲಸ ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುವುದು, ಮೇಲೆ ಚಿತ್ತಾರ ಕೆತ್ತುವುದು, ಬೆಳ್ಳಿ ತಂತಿ ಕೂಡಿಸುವುದು, ಕೊನೆಗೆ ಕೋಟೆಯ ಮಣ್ಣು ನವಸಾಗರದೊಂದಿಗೆ ಕಾಯಿಸಿ ಕಪ್ಪು ಹಿಡಿಸುವುದು. ಇಷ್ಟನ್ನೂ ಒಬ್ಬನೇ ಒಂದು ಜನ್ಮದಲ್ಲಿ ಕಂಡುಹಿಡಿಯಲಾರ. ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಮುಂದುವರಿಸಿದ್ದು. ಪ್ರಾಣಿಗಳಲ್ಲಿ ಇದು ತೀರಾ ಇಲ್ಲವೆನ್ನುವಂತೆಯೂ ಇಲ್ಲ. ಪಾರಿವಾಳಗಳ ಜೋಡಿಯಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಸೇರಿಸುತ್ತಾ ಹೋದಾಗ ಗೂಡಿಗೆ ಮರಳುವ ದಾರಿ ತಲೆಮಾರಿನಿಂದ ತಲೆಮಾರಿಗೆ ನೇರವಾಗುತ್ತಾ ಹೋಯಿತೆಂದು 2017ರಲ್ಲಿ ಆಕ್ಸ್‌ಫರ್ಡಿನ ಸಸಾಕಿ ಮತ್ತು ಬಿರೊ ತೋರಿಸಿದರು. ದಕ್ಷಿಣ ಪೆಸಿಫಿಕ್‌ನ ಗೂನು ತಿಮಿಂಗಿಲಗಳ ಗಂಡುಗಳು ಹಾಡುವ ಹಾಡು ಪೂರ್ವ ಆಸ್ಟ್ರೇಲಿಯಾದಲ್ಲಿ ಶುರುವಾಗಿ ವರ್ಷ ಎರಡು ವರ್ಷದಲ್ಲಿ ಪೂರ್ವದ ಫ್ರೆಂಚ್ ಪಾಲಿನೇಷ್ಯಾದವರೆಗೆ ಹಬ್ಬುತ್ತದೆ. ಹಳೆಯದನ್ನು ಬಿಟ್ಟು ಎಲ್ಲವೂ ಹೊಸದನ್ನು ಹಿಡಿಯುತ್ತವೆ.

ಇದೆಲ್ಲಾ ತಿಳಕೊಂಡು ಕಾಡು ಉಳಿಸೋರಿಗೆ ಏನ್ ಉಪಯೋಗ?

ಬಹಳ. ಎಷ್ಟು ತಲೆ ಉಳಿದಿವೆ ಎಂದು ಎಣಿಸುವುದು ಸಾಲದು, ಯಾವ ತಲೆ ಉಳಿದಿವೆ ಎಂದೂ ನೋಡಬೇಕು. ಕೀನ್ಯಾದ ಅಂಬೊಸೆಲಿಯ ಆನೆಗಳಲ್ಲಿ ಹಿಂಡಿನ ಯಜಮಾನಿ ವಯಸ್ಸಾದವಳಾಗಿದ್ದಷ್ಟೂ ಪರಿಚಿತ ಆನೆಯ ದನಿ ಯಾವುದು, ಅಪರಿಚಿತವಾದದ್ದು ಯಾವುದು ಎಂದು ಹಿಂಡು ಚೆನ್ನಾಗಿ ಗುರುತಿಸುತ್ತಿತ್ತು, ಆ ಹಿಂಡಿನಲ್ಲಿ ಮರಿಗಳೂ ಹೆಚ್ಚಿದ್ದವು. ಇದು ಕೇರನ್ ಮೆಕೋಂಬ್ ತಂಡ 2001ರಲ್ಲಿ ಪ್ರಕಟಿಸಿದ್ದು. ದೊಡ್ಡ ದಂತ, ದೊಡ್ಡ ಮೈ ನೋಡಿ ಬೇಟೆಯಾಡುವವರು ಮೊದಲು ಕೊಲ್ಲುವುದು ಇಂಥ ಹಿರಿಯರನ್ನೇ. ಆಸ್ಟ್ರೇಲಿಯಾದ ರೀಜೆಂಟ್ ಹನಿಈಟರ್ ಎಂಬ ಹಕ್ಕಿ ಕೆಲವು ನೂರಕ್ಕೆ ಇಳಿದಿದೆ. ಎಳೆಯ ಗಂಡುಗಳಿಗೆ ಹಾಡು ಕಲಿಯಲು ಹಿರಿಯ ಗಂಡು ಸಿಗದೆ ಕೆಲವು ಬೇರೆ ಜಾತಿಯ ಹಾಡು ಹಾಡುತ್ತಿವೆ, ಜೋಡಿ ಸಿಗುವುದು ಕಷ್ಟವಾಗಿದೆ.

ವಲಸೆ ಪ್ರಾಣಿಗಳ ಅಂತರರಾಷ್ಟ್ರೀಯ ಒಪ್ಪಂದದವರು 2014ರಲ್ಲೇ ತಿಮಿಂಗಿಲ, ಡಾಲ್ಫಿನ್‌ಗಳ ಸಂಸ್ಕೃತಿಯನ್ನು ಸಂರಕ್ಷಣೆಯ ಲೆಕ್ಕಕ್ಕೆ ತಂದರು. 2020ರ ಫೆಬ್ರುವರಿಯಲ್ಲಿ ಗುಜರಾತಿನ ಗಾಂಧಿನಗರದಲ್ಲಿ ಸೇರಿದ ಸಭೆಯಲ್ಲೂ ಪ್ರಾಣಿ ಸಂಸ್ಕೃತಿಯ ವಿಷಯ ಇತ್ತು. ನಮ್ಮ ಚಿಂಚೋಳಿ ಕಾಡಿನಂಥ ಕಡೆ ಲೆಕ್ಕ ಹಾಕುವಾಗಲೂ ಸಂಖ್ಯೆಯ ಪಕ್ಕದಲ್ಲಿ ವಯಸ್ಸು, ಕುಟುಂಬ, ಹಳೆಯ ದಾರಿ, ನೀರಿನ ಜಾಗ ಬರೆದಿಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಾವೂ ನೋಡಬೇಕಂದ್ರ ಎಲ್ಲಿಂದ ಶುರು ಮಾಡಬೇಕ್ರಿ?

ಮನೆ ಹತ್ತಿರದಿಂದ. ಒಂದೇ ಗುಂಪನ್ನು, ಒಂದೇ ಜಾಗದಲ್ಲಿ ನೋಡಿ: ಕೋಟೆ ಗೋಡೆಯ ಮುಸ್ಯಾ, ಓಣಿಯ ಕಾಗೆ, ಮನೆಯ ಕುರಿ ಯಾವುದಾದರೂ ಆದೀತು. ತಿನ್ನಲು ಏನೂ ಕೊಡಬೇಡಿ, ಕೊಟ್ಟರೆ ನೀವು ನೋಡುವುದು ಅವು ನಿಮ್ಮಿಂದ ಕಲಿತ ನಡವಳಿಕೆಯನ್ನು. ಮೊದಲು ಪ್ರಾಣಿಗಳನ್ನು ಗುರುತಿಸಲು ಕಲಿಯಿರಿ: ಹರಿದ ಕಿವಿ, ಮೊಂಡು ಬಾಲ, ಕುಂಟು ಕಾಲು. ಹೊಸ ತಿನಿಸು, ಹೊಸ ಹಣ್ಣಿನ ಗಿಡ, ಹೊಸ ನಲ್ಲಿ ಕಂಡಾಗ ಮೊದಲು ಮುಟ್ಟಿದ್ದು ಯಾವುದು, ಆಗ ಹತ್ತಿರ ಕೂತು ನೋಡುತ್ತಿದ್ದದ್ದು ಯಾವುದು, ಎರಡನೆಯದು ಯಾವಾಗ ಮುಟ್ಟಿತು ಎಂದು ತಾರೀಖು ಸಮೇತ ಬರೆಯಿರಿ. ‘ಕಲಿಯಿತು’ ಎಂದು ಬರೆಯಬೇಡಿ, ಕಂಡದ್ದನ್ನಷ್ಟೇ ಬರೆಯಿರಿ. ನಮ್ಮ ಬಿಸಿಲಿನಲ್ಲಿ ಹತ್ತು ಗಂಟೆಯ ಮೇಲೆ ಪ್ರಾಣಿಗಳೂ ನೆರಳು ಹಿಡಿಯುತ್ತವೆ, ಆದ್ದರಿಂದ ಬೆಳಗಿನ ಆರರಿಂದ ಒಂಬತ್ತು ಒಳ್ಳೆಯ ಹೊತ್ತು. ಪಕ್ಕದ ಊರಿನಲ್ಲಿ ಇನ್ನೊಬ್ಬರು ಅದೇ ಜಾತಿಯನ್ನು ಇದೇ ರೀತಿ ನೋಡಿ ಬರೆಯುತ್ತಿದ್ದರೆ, ಆರು ತಿಂಗಳಿಗೊಮ್ಮೆ ಎರಡೂ ವಹಿಗಳನ್ನು ಜೊತೆಗಿಟ್ಟು ಓದಿ.